ಏಳು ಕೋಟಿಯ ಬಿಲ್ಲೆ

ಪಾರ್ಸೆಲ್ ಕಚೇರಿಯ ತೂಕದ ಗುಮಾಸ್ತನನ್ನು ಎಲ್ಲರೂ ತೂಕದಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಊರಿನ ಸಾಮಾನನ್ನೆಲ್ಲ ತೂಗಿದ ಈ ಮನುಷ್ಯನಿಗೆ ಸ್ವಂತ ತೂಕ ಎಂಬುದು ಮಾತ್ರ ಬಂದಿರಲಿಲ್ಲ. ಮನೆಯಲ್ಲಿ ಅವನ ಮಾತು ಕುಕ್ಕರಿನ ಸೀಟಿಯಲ್ಲಿ ಮುಳುಗಿಹೋಗುತ್ತಿತ್ತು. ಕಚೇರಿಯಲ್ಲಿ ಅವನು ರಜೆ ಹಾಕಿದ್ದು ಉಳಿದವರಿಗೆ ಗೊತ್ತಾಗುತ್ತಿದ್ದುದು ಮಾರನೆಯ ದಿನ, ಅದೂ ಅವನೇ ಬಂದು ಹೇಳಿದ ಮೇಲೆ.

ಇಂಥವನ ಎದೆಗೆ ಕಂಪನಿಯವರು ಒಂದು ಹಿತ್ತಾಳೆ ಬಿಲ್ಲೆ ಚುಚ್ಚಿದ್ದರು. ಅದರ ಮೇಲೆ ಕಪ್ಪು ಬಣ್ಣದಲ್ಲಿ ಎಂಟು ಅಂಕಿ: ೭೩೯೩೯೧೩೩. ಒಟ್ಟು ಮುನ್ನೂರು ಜನ ದುಡಿಯುವ ಕಂಪನಿಗೆ ಎಂಟಂಕಿಯ ನಂಬರು ಯಾತಕ್ಕೆ ಎಂದು ಯಾರೂ ಕೇಳಿರಲಿಲ್ಲ. ಕಂಪನಿಗೆ ಸೇರಿದ ಮೊದಲ ಐವತ್ತು ಜನರಿಗೆ ಒಂದರಿಂದ ಐವತ್ತರವರೆಗಿನ ನಂಬರು. ಉಳಿದವರಿಗೆಲ್ಲ ಎರಡು ವರ್ಷದ ಹಿಂದೆ ಒಂದು ಯಂತ್ರ ಉಗುಳಿದ ಎಂಟಂಕಿ. ತೂಕದಪ್ಪ ತನ್ನ ಎಂಟಂಕಿಯನ್ನು ಎರಡು ವರ್ಷ ಹೊತ್ತು ತಿರುಗಿದ, ಕತ್ತೆ ಗಂಧದ ಹೊರೆ ಹೊತ್ತ ಹಾಗೆ.

ಒಂದು ಸೋಮವಾರ ಸರದಿ ಬಾಗಿಲಿನವರೆಗೆ ಬೆಳೆದಿತ್ತು. ಕೆಲಸದಿಂದ ನಿವೃತ್ತರಾದ ಗಣಿತದ ಮೇಡಂ ಒಬ್ಬರು ಪುಸ್ತಕದ ಕಟ್ಟೊಂದನ್ನು ತಂದು ತೂಕದ ಯಂತ್ರದ ಮೇಲಿಟ್ಟರು. ತೂಕದಪ್ಪ ಮುಳ್ಳು ನಿಲ್ಲುವುದನ್ನೇ ಕಾಯುತ್ತಿದ್ದ. ಮೇಡಂ ಮುಳ್ಳನ್ನು ನೋಡಲಿಲ್ಲ, ಅವನ ಎದೆಯನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದರು. ತೂಕದಪ್ಪ ಗಾಬರಿಯಿಂದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿಕೊಂಡ. ಎಲ್ಲವೂ ಇದ್ದವು.

“ಇದು ನಿಮ್ಮ ನಂಬರಾ?” ಮೇಡಂ ಬಿಲ್ಲೆಯತ್ತ ಬೆರಳು ತೋರಿಸಿದರು.

“ಕಂಪನಿದು ಮೇಡಂ. ಕೆಲಸ ಬಿಡುವಾಗ ವಾಪಸ್ ಕೊಡ್ಬೇಕು.”

“ನಲವತ್ತು ವರ್ಷದಿಂದ ಇದನ್ನ ಪುಸ್ತಕದಲ್ಲಿ ನೋಡ್ತಿದ್ದೀನಿ. ಅಂಗಿ ಹಾಕ್ಕೊಂಡು ಎದುರಿಗೆ ನಿಂತಿದ್ದು ಇವತ್ತೇ! ಇದು ಅವಿಭಾಜ್ಯ ಕಣ್ರೀ. ಯಾವುದರಿಂದ ಭಾಗಿಸಿದ್ರೂ ಒಡೆಯಲ್ಲ. ಒಂದರಿಂದ, ಇಲ್ಲಾ ತನ್ನಿಂದ ತಾನೇ, ಅಷ್ಟೇ. ಅದೂ ಬರೀ ಅಷ್ಟೇ ಅಲ್ಲ...”

“ಅಮ್ಮಾ, ನಮ್ಮ ಹಾಸಿಗೆಗೂ ಸ್ವಲ್ಪ ದಾರಿ ಬಿಡಿ,” ಎಂದು ಹಿಂದಿನವನು ಸುರುಳಿ ಸುತ್ತಿದ ಹಾಸಿಗೆಯನ್ನು ನುಗ್ಗಿಸಿದ. ಮೇಡಂ ಹಾಸಿಗೆಯ ಆಚೆಗೆ ಹೋದರು, ‘ಅಷ್ಟೇ ಅಲ್ಲ’ ಎಂಬುದರ ಮುಂದಿನ ಮಾತೂ ಅವರ ಜೊತೆಗೇ ಹೋಯಿತು. ಅರ್ಧ ತಿಳಿದವನಷ್ಟು ಅಪಾಯಕಾರಿ ಮನುಷ್ಯ ಲೋಕದಲ್ಲಿಲ್ಲ. ತೂಕದಪ್ಪ ಅಂದು ಸಂಜೆ ಮನೆಗೆ ಹೊರಟಾಗ ಸರಿಯಾಗಿ ಅರ್ಧ ತಿಳಿದಿದ್ದ.

“ನಾನು ಅವಿಭಾಜ್ಯ,” ಎಂದ ಹೊಸಿಲಲ್ಲೇ ನಿಂತು.

ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. “ಯಾವ ಡಾಕ್ಟರು ಹೇಳಿದ್ದು? ಊಟ ಮಾಡ್ಬಹುದಂತಾ?”

ಒಳಗೆ ಭಾವಮೈದ ಚಹಾ ಕುಡಿಯುತ್ತ ಕೂತಿದ್ದ. ಅವನದು ಸೈಕಲ್ ಬಿಡಿಭಾಗಗಳ ಅಂಗಡಿ. ಭಾಗಗಳಿಂದಲೇ ಬದುಕು ಕಟ್ಟಿಕೊಂಡವನ ಮುಂದೆ ಭಾಗವಾಗದ ವಸ್ತುವೊಂದಿದೆ ಎನ್ನುವುದು ಅವನ ಕಸುಬಿಗೇ ಮಾಡಿದ ಅವಮಾನ.

“ಭಾವ, ಏಳು ಕೋಟಿ ಚಿಲ್ಲರೆ ಇದೆ ಇದು. ಇಷ್ಟು ದೊಡ್ಡದು ಒಡೆಯಲ್ಲ ಅಂದ್ರೆ ಯಾರು ನಂಬ್ತಾರೆ? ಕಲ್ಲಂಗಡಿ ದೊಡ್ಡದಾದಷ್ಟೂ ಬೇಗ ಒಡೆಯುತ್ತೆ,” ಎಂದು ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದ.

ಎರಡು, ಮೂರು, ಐದು, ಏಳು, ಹನ್ನೊಂದು. ಪ್ರತಿ ಸಲವೂ ಚುಕ್ಕಿಯ ಆಚೆ ಬಾಲ ಮೂಡಿತು. ಬೀದಿಗೆ ಸುದ್ದಿ ಹೋಗಿ ನೆರೆಯವರು ಬಂದರು, ಬಂದವರೆಲ್ಲ ತಮ್ಮ ತಮ್ಮ ಕಸುಬಿನ ನಂಬರು ಕೊಟ್ಟರು. “ನನ್ನ ಟೇಪು ಅರವತ್ತು ಇಂಚು, ಅದರಿಂದ ಮಾಡಿ,” ಎಂದ ದರ್ಜಿ. “ನನ್ನ ಬಸ್ಸಿನ ನಂಬರು ನಲವತ್ತೇಳು ಹಾಕಿ. ಆ ಬಸ್ಸಿಗೆ ಬಗ್ಗದ್ದು ಯಾವುದೂ ಇಲ್ಲ,” ಎಂದರು ಪಕ್ಕದ ಮನೆಯ ಮಾಜಿ ಡ್ರೈವರು. ಮಹಡಿಯ ನರ್ಸಮ್ಮ ತನ್ನ ವಾರ್ಡಿನ ಇಪ್ಪತ್ತೊಂಬತ್ತನ್ನು ಕೊಟ್ಟಳು. ನಂಬರು ಅಲ್ಲಾಡಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಮನೆಗೆ ಹೋದರು, ಹೋಗುವಾಗ ತೂಕದಪ್ಪನಿಗೆ ದಾರಿ ಬಿಟ್ಟು ಹೋದರು. ಅವನ ಮನೆಯೊಳಗೇ ಅವನಿಗೆ ಯಾರಾದರೂ ದಾರಿ ಬಿಟ್ಟಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆಯಿಂದ ಅವನಿಗೊಂದು ಚಟ ಹತ್ತಿತು. ಯಾರಾದರೂ ಎದುರು ಬಂದರೆ ಬಿಲ್ಲೆಯ ಎಡತುದಿಯನ್ನು ಬೆರಳಿನಲ್ಲಿ ಹಿಡಿದು ಬಲತುದಿಯನ್ನು ಹೆಬ್ಬೆರಳಿನಿಂದ ಉಜ್ಜುವುದು. ಹೆಮ್ಮೆ ಬಂದರೆ ಉಜ್ಜುವುದು, ಹೆದರಿಕೆ ಬಂದರೂ ಉಜ್ಜುವುದು. ಕಂಪನಿ ಬಳಸಿದ ಬಣ್ಣ ಕಂಪನಿಯಷ್ಟೇ ಗಟ್ಟಿ. ಎರಡನೆಯ ವಾರ ಕೊನೆಯ ಅಂಕಿ, ಮೂರು, ಉದುರಿಹೋಯಿತು.

ತೂಕದಪ್ಪ ಸೂಪರಿಂಟೆಂಡೆಂಟರ ಬಳಿಗೆ ಓಡಿದ. ಅವರು ಕಾಯಿದೆಯನ್ನೇ ಉಸಿರಾಡುವ ಮನುಷ್ಯ.

“ಬಿಲ್ಲೆಗೆ ಬಣ್ಣ ಹಚ್ಚಿಸಬೇಕಾದ್ರೆ ಬಿಲ್ಲೆ ಒಪ್ಪಿಸಬೇಕು. ಬಿಲ್ಲೆ ಇಲ್ಲದವರು ಒಳಗೆ ಬರೋ ಹಾಗಿಲ್ಲ. ಒಳಗೆ ಬರದವರ ಅರ್ಜಿ ತಗೊಳ್ಳೋ ಹಾಗಿಲ್ಲ. ಏನು ಮಾಡ್ತೀರಿ?”

“ನೀವೇ ಹೇಳಿ ಸಾರ್.”

“ಬಿಲ್ಲೆಯಲ್ಲಿ ಇರುವಂತೆ ಹಾಜರಿ ಬರೆಯತಕ್ಕದ್ದು ಅಂತ ಕಾಯಿದೆ. ಏಳಂಕಿ ಇದ್ರೆ ಏಳಂಕಿ ಬರೀತೀನಿ. ಹೋಗಿ, ತೂಗಿ.”

ಭಾವಮೈದನಿಗೆ ಮಾತ್ರ ಅಂದು ದೊಡ್ಡ ಸಂಭ್ರಮ. “ಒಂದು ಹಲ್ಲು ಬಿತ್ತಲ್ಲ, ಇನ್ನು ನೋಡಿ ಭಾವ! ೭೩೯೩೯೧೩. ಮುಗೀತು ನಿಮ್ಮ ದರ್ಬಾರು,” ಎಂದು ಹೊಸ ಬ್ಯಾಟರಿ ಹಾಕಿದ ಕ್ಯಾಲ್ಕುಲೇಟರ್ ಹಿಡಿದು ಕೂತ. ಮೂರು ಸಂಜೆ ಭಾಗಿಸಿದ. ಅಂಗಡಿಗೆ ಪೆಡಲ್ ಕೇಳಲು ಬಂದವರಿಗೆ “ನೂರ ಮೂರರಿಂದ ಮುಗಿಸಿ ಬರ್ತೀನಿ, ಇರಿ” ಎನ್ನುತ್ತಿದ್ದ. ಒಡೆಯಲಿಲ್ಲ.

ಈ ಆತಂಕದಲ್ಲಿ ತೂಕದಪ್ಪ ಇನ್ನಷ್ಟು ಉಜ್ಜಿದ. ಆರಂಕಿಯಾಯಿತು, ಐದಂಕಿಯಾಯಿತು. ನೆರೆಯವರು ಇದಕ್ಕೆಂದೇ ಸಂಜೆ ಬೇಗ ಬರತೊಡಗಿದರು. ಒಂದೊಂದು ಅಂಕಿ ಹೋದಾಗಲೂ ಈಗ ಒಡೆಯುತ್ತೆ, ಈಗ ಒಡೆಯುತ್ತೆ ಎಂದು ಉಸಿರು ಬಿಗಿಹಿಡಿಯುವುದು. ಒಡೆಯದೆ ನಿಂತಾಗ ಸದ್ದಿಲ್ಲದೆ ಎದ್ದು ಹೋಗುವುದು. ಮಾಜಿ ಡ್ರೈವರು ಒಳಗೆ ಬರುವಾಗ ಚಪ್ಪಲಿ ಕಳಚಲು ಶುರುಮಾಡಿದರು.

ಬಿಲ್ಲೆಯಲ್ಲಿ ೭೩೯೩ ಉಳಿದ ದಿನ ಭಾವಮೈದ ಕ್ಯಾಲ್ಕುಲೇಟರ್ ಬಿಟ್ಟು ಪೆನ್ಸಿಲ್ ಹಿಡಿದ. “ಯಂತ್ರ ಮೋಸ ಮಾಡ್ತಿದೆ. ಇವತ್ತು ಕೈಯಲ್ಲೇ ಮಾಡ್ತೀನಿ. ಎರಡರಿಂದ... ಒಂದು ಉಳೀತು. ಮೂರರಿಂದ... ಒಂದು ಉಳೀತು. ಏಳರಿಂದ...” ಬೆವರು ಒರೆಸಿಕೊಂಡ. “ಒಂದು ಉಳೀತು. ಹನ್ನೊಂದರಿಂದ... ಅಕ್ಕಾ, ಮತ್ತೆ ಒಂದೇ ಉಳೀತು!”

“ಆ ಒಂದು ಯಾರದ್ದೋ?” ಎಂದಳು ಅಕ್ಕ. ಅಷ್ಟು ಹೊತ್ತು ಅವಳು ಬಟ್ಟೆ ಮಡಚುತ್ತಿದ್ದವಳು ಮಡಚುವುದನ್ನು ನಿಲ್ಲಿಸಿದ್ದಳು.

ಭಾವಮೈದ ಹದಿಮೂರು, ಹದಿನೇಳು, ಹತ್ತೊಂಬತ್ತು ಎಂದು ಎಂಬತ್ತಮೂರರವರೆಗೂ ಹೋದ. ಆಮೇಲೆ ಪೆನ್ಸಿಲ್ ಕೆಳಗಿಟ್ಟ. “ಭಾವ, ನಂಗೆ ಮೈ ಜುಂ ಅಂತಿದೆ. ಆ ಮೇಡಂ ಮನೆ ಎಲ್ಲಿ, ಹೋಗೋಣ ಬನ್ನಿ.”

ಪುಸ್ತಕದ ಪಾರ್ಸೆಲ್ಲಿನ ರಸೀದಿಯಲ್ಲಿ ವಿಳಾಸ ಸಿಕ್ಕಿತು. ಭಾನುವಾರ ಗಂಡ, ಹೆಂಡತಿ, ಭಾವಮೈದ ಮೂವರೂ ಹೋದರು. ಅಷ್ಟರಲ್ಲಿ ಇನ್ನೊಂದು ಮೂರು ಹೋಗಿ ೭೩೯ ಉಳಿದಿತ್ತು. ಮೇಡಂ ಬಿಲ್ಲೆ ನೋಡಿ ಬಾಯಿಗೆ ಕೈ ಇಟ್ಟುಕೊಂಡರು. “ಅಯ್ಯೋ, ಉಳಿದದ್ದನ್ನ ಏನು ಮಾಡಿದ್ರಿ?”

“ಉಜ್ಜಿದೆ ಮೇಡಂ,” ಎಂದ ತೂಕದಪ್ಪ ಕೊಲೆ ಒಪ್ಪಿಕೊಂಡವನ ದನಿಯಲ್ಲಿ. “ಆದ್ರೆ ಎಷ್ಟು ಉಜ್ಜಿದ್ರೂ ಒಡೀತಿಲ್ಲ. ಇದು ದೋಷವಾ, ಏನು?”

ಮೇಡಂ ನಗಲಿಲ್ಲ. ಒಂದು ಹಾಳೆಯ ಮೇಲೆ ಎಂಟು ಅಂಕಿಯನ್ನೂ ದೊಡ್ಡದಾಗಿ ಬರೆದು, ಬಲಗಡೆಯಿಂದ ಒಂದು ಅಂಚೆಕಾರ್ಡನ್ನು ಮೆಲ್ಲಗೆ ಸರಿಸುತ್ತ ಬಂದರು. “ಅವತ್ತು ಹೇಳೋಕೆ ಬಿಡಲಿಲ್ಲ ಆ ಹಾಸಿಗೆಯವನು. ನೋಡಿ, ಇದು ಅವಿಭಾಜ್ಯ. ಒಂದಂಕಿ ಮುಚ್ಚಿದೆ, ಈಗಲೂ ಅವಿಭಾಜ್ಯ. ಇನ್ನೊಂದು ಮುಚ್ಚಿದೆ, ಈಗಲೂ. ಇನ್ನೊಂದು. ಇನ್ನೊಂದು. ಎಪ್ಪತ್ತಮೂರು, ಅದೂ. ಕೊನೆಗೆ ಏಳು, ಅದೂ. ಬೇರೆ ಅವಿಭಾಜ್ಯಗಳಿಗೆ ಒಂದಂಕಿ ಕಿತ್ತರೆ ಸಾಕು, ಬಹಳಷ್ಟು ಕುಸಿದುಬೀಳ್ತವೆ. ಕೊನೇವರೆಗೂ ಹೀಗೆ ನಿಲ್ಲೋವು, ಲೆಕ್ಕ ಇಟ್ಟ ಹಾಗೆ, ಎಂಬತ್ತಮೂರೇ ಇರೋದು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದು.”

“ಕೊನೆಗೆ ಇನ್ನೊಂದು ಅಂಕಿ ಇಟ್ರೆ?” ಎಂದ ಭಾವಮೈದ.

“ಯಾವುದನ್ನ ಇಟ್ರೂ ಒಡೆದುಹೋಗುತ್ತೆ. ಸಂಖ್ಯೆಗಳಿಗೆ ಕೊನೆ ಇಲ್ಲ, ಆದ್ರೆ ಈ ದಾರಿಗೆ ಇದೇ ಕೊನೆ. ಇದರಾಚೆ ಎಷ್ಟು ಹುಡುಕಿದ್ರೂ ಇಂಥದ್ದು ಇನ್ನೊಂದು ಸಿಗಲ್ಲ.”

ಬೀದಿಯಲ್ಲಿ ಯಾವುದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಭಾವಮೈದ ತಿರುಗಿಯೂ ನೋಡಲಿಲ್ಲ.

“ಯಾರು ಮೇಡಂ ಹೀಗೆ ಮಾಡಿದ್ದು?” ತೂಕದಪ್ಪ ಕೊನೆಗೂ ಕೇಳಿದ.

“ಯಾರೂ ಮಾಡಲಿಲ್ಲ. ಹತ್ತು ಬೆರಳಲ್ಲಿ ಎಣಿಸಿದವರಿಗೆಲ್ಲ ಹೀಗೇ ಬರುತ್ತೆ. ನೋಡೋರು ಇಲ್ಲದಿದ್ರೂ ಇದು ಹೀಗೇ ಇರುತ್ತೆ.”

ದಾರಿಯುದ್ದಕ್ಕೂ ತೂಕದಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದ. ಇನ್ನು ಬಿಲ್ಲೆ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟ. ಮಾತು ಕೊಟ್ಟ ಮೂರನೆಯ ದಿನ ಮುಖ್ಯ ಕಚೇರಿಯಿಂದ ಕಾಗದ ಬಂತು: ಕಂಪನಿಯ ದೊಡ್ಡ ಸಾಹೇಬರು ಶುಕ್ರವಾರ ತಪಾಸಣೆಗೆ ಬರುತ್ತಾರೆ. ಹೆಬ್ಬೆರಳು ಮಾತು ಕೇಳಲಿಲ್ಲ. ಗುರುವಾರ ಒಂಬತ್ತು ಹೋಯಿತು. ಶುಕ್ರವಾರ ಬೆಳಿಗ್ಗೆ ಸಾಹೇಬರ ಕಾರಿನ ಬಾಗಿಲು ತೆರೆದ ಸದ್ದಿಗೇ ಮೂರು ಹೋಯಿತು. ಸೂಪರಿಂಟೆಂಡೆಂಟರು ಕಾಯಿದೆಯಂತೆ ಬಿಲ್ಲೆ ನೋಡಿ ಅಂದಿನ ಹಾಜರಿಯಲ್ಲಿ ಬರೆದರು: ‘ತೂಕ ವಿಭಾಗ — ೭.’

ಸಾಹೇಬರ ಸ್ವಂತ ನಂಬರು ನಲವತ್ತೊಂದು. ಒಂದರಿಂದ ಒಂಬತ್ತರವರೆಗಿನವರು ಅರವತ್ತು ವರ್ಷದ ಹಿಂದೆ ಕೈಗಾಡಿ ಎಳೆದು ಕಂಪನಿ ಕಟ್ಟಿದವರು. ಅವರ ಕಪ್ಪುಬಿಳುಪು ಫೋಟೋ ಮುಖ್ಯ ಕಚೇರಿಯ ಗೋಡೆಯ ಮೇಲಿದೆ. ಅದರಲ್ಲಿ ಏಳನೆಯವನ ಮುಖವನ್ನು ಗೆದ್ದಲು ತಿಂದಿದೆ. ಹಾಜರಿ ಪುಸ್ತಕದ ಮೇಲೆ ಕಣ್ಣಾಡಿಸುತ್ತಿದ್ದ ಸಾಹೇಬರು ‘ತೂಕ’ ಎಂಬಲ್ಲಿ ನಿಂತುಬಿಟ್ಟರು.

“ಏಳು... ಇನ್ನೂ ಇದ್ದಾರಾ?”

“ಇವತ್ತು ಬೇಗನೇ ಬಂದಿದ್ದಾರೆ ಸಾರ್,” ಎಂದರು ಸೂಪರಿಂಟೆಂಡೆಂಟರು.

ಸಾಹೇಬರು ತೂಕದ ಕಟ್ಟೆಯ ಮುಂದೆ ಬಂದು ಟೋಪಿ ತೆಗೆದರು. “ಕೈಗಾಡಿ ಎಳೆದವರು ನೀವೇನಾ?”

ಗೋದಾಮಿನಿಂದ ಗಾಡಿ ಎಳೆದು ತರುವುದು ತೂಕದಪ್ಪನ ದಿನನಿತ್ಯದ ಕೆಲಸ. “ಹೌದು ಸಾರ್. ಇವತ್ತು ಬೆಳಿಗ್ಗೆ ಕೂಡ ಎಳೆದೆ.”

“ಈ ವಯಸ್ಸಲ್ಲಿ!”

“ಅಭ್ಯಾಸ ಆಗಿಬಿಟ್ಟಿದೆ ಸಾರ್.”

“ಒಂದೂ ಬಿಳಿ ಕೂದಲಿಲ್ಲ,” ಎಂದರು ಸಾಹೇಬರು ಬೆರಗಿನಿಂದ.

“ಅದು ನಮ್ಮ ಮನೆಯವರು ಹಚ್ಚೋ ಬಣ್ಣ ಸಾರ್.”

ಸಾಹೇಬರ ಕಣ್ಣು ತುಂಬಿ ಬಂತು. ಕುರ್ಚಿ ತರಿಸಿದರು. ತೂಕದಪ್ಪ ಕೂತ, ಸಾಹೇಬರು ನಿಂತರು. ಅವನು ಕಚೇರಿಯಲ್ಲಿ ಕೂತದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಅಂಟಿನ ಡಬ್ಬಿ ಹಿಡಿದವರು ಹಿಡಿದಂತೆ, ಸುತಳಿ ಬಿಗಿಯುತ್ತಿದ್ದವರು ಬಿಗಿದಂತೆ ನಿಂತರು.

“ಒಂದನೇ ನಂಬರು ನಮ್ಮ ತಂದೆ. ನಾನು ಚಿಕ್ಕವನಿದ್ದಾಗಲೇ ಹೋಗಿಬಿಟ್ರು. ಅವರ ಜೊತೆ ಗಾಡಿ ಎಳೆದವರು ಇನ್ನು ನೀವೊಬ್ಬರೇ. ಅವರ ಬಗ್ಗೆ ಏನಾದ್ರೂ ಹೇಳಿ. ಹೇಗೆ ನಗ್ತಿದ್ರು, ಏನು ಮಾತಾಡ್ತಿದ್ರು, ಏನಾದ್ರೂ ಸರಿ.”

ಈಗ ತೂಕದಪ್ಪನಿಗೆ ಅರ್ಥವಾಯಿತು. ಹೂಂಗುಟ್ಟಿದ್ದರೆ ಕುರ್ಚಿ ಅವನದೇ. ಆದರೆ ತಂದೆಯ ನಗು ಕೇಳುತ್ತ ನಿಂತ ಮನುಷ್ಯನಿಗೆ ಇಲ್ಲದ ನಗುವನ್ನು ತೂಗಿ ಕೊಡುವುದು ಅವನಿಂದಾಗಲಿಲ್ಲ. ಎದ್ದು ನಿಂತ.

“ಸಾರ್, ನಾನು ಏಳಲ್ಲ. ನಾನು ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಉಳಿದದ್ದನ್ನ ಉಜ್ಜಿಬಿಟ್ಟೆ.”

ಸಾಹೇಬರ ಮುಖ ಕಪ್ಪಿಟ್ಟಿತು. ಸೂಪರಿಂಟೆಂಡೆಂಟರು ಮೆಲ್ಲಗೆ, “ಬಿಲ್ಲೆ ಕೆಡಿಸೋದು ಕೆಲಸದಿಂದ ತೆಗೆಯೋ ತಪ್ಪು ಸಾರ್, ಹದಿನಾಲ್ಕನೇ ಕಲಮು,” ಎಂದರು.

“ತೆಗೀರಿ ಸಾರ್, ಆದ್ರೆ ಮೊದಲು ಭಾಗಿಸಿ ನೋಡಿ,” ಎಂಬ ದನಿ ಸರದಿಯಿಂದ ಬಂತು. ಪೆಡಲ್ಲುಗಳ ಪೆಟ್ಟಿಗೆ ಕಳಿಸಲು ಬಂದಿದ್ದ ಭಾವಮೈದ ಕ್ಯಾಲ್ಕುಲೇಟರ್ ಎತ್ತಿ ಹಿಡಿದಿದ್ದ. “ಎರಡು ತಿಂಗಳು ಅಂಗಡಿ ಕೆಲಸ ಬಿಟ್ಟು ಭಾಗಿಸಿದ್ದೀನಿ ನಾನು. ನಮ್ಮ ಭಾವ ದಡ್ಡರು, ಒಪ್ತೀನಿ. ಆದ್ರೆ ಅವರ ನಂಬರು ದಡ್ಡ ನಂಬರಲ್ಲ.”

ತೂಕದಪ್ಪ ಪಾರ್ಸೆಲ್ ಚೀಟಿಯ ಬೆನ್ನಿಗೆ ಎಂಟು ಅಂಕಿ ಬರೆದು, ಮೇಡಂ ಮಾಡಿದಂತೆಯೇ ಬಲಗಡೆಯಿಂದ ಒಂದೊಂದಾಗಿ ಮುಚ್ಚಿ ತೋರಿಸಿದ. ಅವನ ಮಾತು ತೊದಲಲಿಲ್ಲ. ಸಾಹೇಬರು ನಂಬದೆ ಪೆನ್ನು ತೆಗೆದರು. ಒಂದು ಪೆಟ್ಟಿಗೆಯ ಮೇಲೆ ಕೂತು ಭಾಗಿಸಿದರು. ಸಾಲದೆಂದು ಸಿಬ್ಬಂದಿಗೂ ಹಂಚಿದರು: ನೀನು ನೂರರವರೆಗೆ, ನೀನು ಅಲ್ಲಿಂದ ಮುಂದಕ್ಕೆ. ಸರದಿಯಲ್ಲಿದ್ದವರೂ ಚೀಟಿ ಕೇಳಿದರು. ಮುಕ್ಕಾಲು ಗಂಟೆ ಆ ಕಚೇರಿಯಲ್ಲಿ ಒಂದು ಪಾರ್ಸೆಲ್ಲೂ ಅಲುಗಾಡಲಿಲ್ಲ. ಪೆನ್ಸಿಲ್ ಗೀಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬೊಬ್ಬರಾಗಿ ತಲೆಯೆತ್ತಿದರು. ಯಾರ ಬಳಿಯೂ ಒಡೆದಿರಲಿಲ್ಲ.

“ಇವರಿಗೆ ಈ ನಂಬರು ಕೊಟ್ಟಿದ್ದು ಯಾರು?” ಸಾಹೇಬರು ಪಿಸುಗುಟ್ಟಿದರು.

“ಯಂತ್ರ ಸಾರ್.”

“ಅದಕ್ಕೆ ಗೊತ್ತಿತ್ತಾ?”

ಸಾಹೇಬರು ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ತಪಾಸಣೆ ಮಾಡುವುದನ್ನೇ ಮರೆತು ಕಾರು ಹತ್ತಿದರು.

ಹದಿನೈದು ದಿನ ತೂಕದಪ್ಪನಿಗೆ ಊಟ ಸೇರಲಿಲ್ಲ. ಹದಿನಾರನೆಯ ದಿನ ಮೊಹರು ಹಾಕಿದ ಲಕೋಟೆ ಬಂತು. ಅದರಲ್ಲಿ ಕಾಗದ: ‘ತಮ್ಮ ಅಪರೂಪದ ಸಂಖ್ಯೆಯನ್ನೂ ಪ್ರಾಮಾಣಿಕತೆಯನ್ನೂ ಮೆಚ್ಚಿ ತಮಗೆ ಮೇಲ್ವಿಚಾರಕರಾಗಿ ಬಡ್ತಿ ನೀಡಲಾಗಿದೆ. ಬಡ್ತಿಯ ಗುರುತಾಗಿ ಸಂಖ್ಯೆಯ ಕೊನೆಗೆ ಒಂದು ಅಂಕಿಯನ್ನು ಗೌರವಪೂರ್ವಕವಾಗಿ ಸೇರಿಸಲಾಗಿದೆ.’ ಜೊತೆಗೆ ಹೊಸ ಬಿಲ್ಲೆ. ಉಜ್ಜಿದರೂ ಹೋಗದಂತೆ ಆಳವಾಗಿ ಕೊರೆದಿದ್ದರು: ೭೩೯೩೯೧೩೩೧.

ಹೆಂಡತಿ ಕಾಗದವನ್ನು ಮೂರು ಸಲ ಓದಿಸಿಕೊಂಡಳು. ಈ ಬಡ್ತಿಗಾಗಿ ಅವಳು ಹನ್ನೊಂದು ವರ್ಷ ಕಾದಿದ್ದಳು. ಅವನ ನಂತರ ಸೇರಿ ಬಡ್ತಿ ಪಡೆದವರ ಹೆಂಡತಿಯರೆಲ್ಲ ಬೀದಿಯಲ್ಲಿ ಇವಳಿಗಿಂತ ಮುಂದೆ ನಡೆಯುವುದನ್ನು ನೋಡುತ್ತ ಕಾದಿದ್ದಳು. ಅವನ ಅಂಗಿಗೆ ಬಿಲ್ಲೆಯನ್ನು ತಾನೇ ಚುಚ್ಚಿ, ದೂರ ನಿಂತು ನೋಡಿ, “ಚೆನ್ನಾಗಿ ಕಾಣ್ತಿದೆ,” ಎಂದಳು. ಆಮೇಲೆ ಯಾಕೋ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಪೆನ್ಸಿಲ್ ತೆಗೆದುಕೊಂಡು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಳು. ಎರಡರಿಂದ ಮಾಡಿದಳು, ಒಂದು ಉಳಿಯಿತು. ಮೂರರಿಂದ ಮಾಡಿದಳು. ಕೆಳಗೆ ಇಳಿಸುತ್ತ, ಇಳಿಸುತ್ತ ಕೊನೆಯ ಅಂಕಿಗೆ ಬಂದಳು. ಇಪ್ಪತ್ತನಾಲ್ಕು ಕೋಟಿ ಅರವತ್ತನಾಲ್ಕು ಲಕ್ಷ ಅರವತ್ತಮೂರು ಸಾವಿರದ ಏಳುನೂರ ಎಪ್ಪತ್ತೇಳು. ಏನೂ ಉಳಿಯಲಿಲ್ಲ. ಇನ್ನೊಮ್ಮೆ ಮಾಡಿದಳು. ಏನೂ ಉಳಿಯಲಿಲ್ಲ.

ಬಹಳ ಹೊತ್ತು ಹಾಳೆಯನ್ನೇ ನೋಡುತ್ತ ಕೂತಳು. ಒಲೆಯ ಮೇಲೆ ಹಾಲು ಉಕ್ಕಿತು. ತೂಕದಪ್ಪನೇ ಹೋಗಿ ಇಳಿಸಿದ.

“ರೀ,” ಎಂದಳು ಕೊನೆಗೆ. “ಇದು ಅದಲ್ಲ. ವಾಪಸ್ ಕೊಟ್ಟುಬಿಡಿ.”

“ಬಡ್ತಿ ಹೋಗುತ್ತೆ ಕಣೇ.”

“ಹೋಗ್ಲಿ ಬಿಡಿ. ಅಷ್ಟು ದೂರ ಒಡೆಯದೆ ಬಂದಿದ್ದು ನಮ್ಮ ಮನೇಲಿ ಒಡೀಬಾರದು.”

ಮಾರನೆಯ ದಿನ ತೂಕದಪ್ಪ ಬಿಲ್ಲೆಯನ್ನೂ ಕಾಗದವನ್ನೂ ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟ. ಅವರು ಕುರ್ಚಿಯಿಂದ ಅರ್ಧ ಎದ್ದರು. “ಏನ್ರೀ ಇದು? ಬಡ್ತಿ ಬೇಡ್ವಾ? ಕಾರಣ ಬರೀಬೇಕು ನಾನು. ಏನು ಬರೀಲಿ?”

“ಬಡ್ತಿ ತಗೊಂಡ್ರೆ ಮೂರರಿಂದ ಭಾಗ ಆಗ್ತೀನಿ ಸಾರ್.”

ಸೂಪರಿಂಟೆಂಡೆಂಟರು ಕಾಯಿದೆ ಪುಸ್ತಕದತ್ತ ಕೈ ಚಾಚಿದರು, ಕೈ ಅರ್ಧದಲ್ಲೇ ನಿಂತಿತು. ಹಾಜರಿ ಪುಸ್ತಕವನ್ನು ಎಳೆದುಕೊಂಡರು. ಯಾವ ಬಿಲ್ಲೆಯನ್ನೂ ನೋಡದೆ, ಕಲಮು ಕಾಯಿದೆ ಕೇಳದೆ, ನೆನಪಿನಿಂದಲೇ ಎಂಟು ಅಂಕಿಯನ್ನು ಒಂದೊಂದಾಗಿ, ದುಂಡಗೆ, ನಿಧಾನವಾಗಿ ಬರೆದರು. ಕೊನೆಯ ಮೂರನ್ನು ಬರೆದ ಮೇಲೆ ಪೆನ್ನು ಮುಚ್ಚಿ, ಶಾಯಿ ಒಣಗುವವರೆಗೂ ಅದನ್ನೇ ನೋಡುತ್ತ ಕೂತರು.